ಬಲಕ್ಕೆ ಬಾಗುವ ಚೆಂಡು

ಬೆಂಗಳೂರಿನ ಸ್ಯಾಂಕಿ ರಸ್ತೆಯಲ್ಲಿ ಓಡಾಡುವವರಿಗೆ ಗಾಲ್ಫ್ ಕ್ಲಬ್ಬಿನ ಅಂಚಿನ ಎತ್ತರದ ಬಲೆಗಳು ಹೊಸತಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಶುರುವಾದಾಗ ಸುತ್ತ ಬಯಲಿತ್ತು. ಈಗ ಬಸ್ಸು, ಆಟೋ, ಸ್ಕೂಟರುಗಳು ಕೋರ್ಸಿಗೆ ಒತ್ತಿಕೊಂಡೇ ಸಾಗುತ್ತವೆ. 46 ಗ್ರಾಂ ತೂಗುವ ಗಟ್ಟಿ ಚೆಂಡೊಂದು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ದಾರಿ ತಪ್ಪಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಹೀಗೆ ದಾರಿ ತಪ್ಪುವ ಚೆಂಡುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ ಹೋಗುತ್ತವೆ. ಗಾಲ್ಫ್ ಆಡುವವರಲ್ಲಿ ಬಹುಪಾಲು ಜನ ಬಲಗೈಯವರು; ಅವರಲ್ಲಿ ಕಲಿಕೆಯ ಹಂತದಲ್ಲಿರುವವರ ಚೆಂಡು ನೆಟ್ಟಗೆ ಅಥವಾ ತುಸು ಎಡಕ್ಕೆ ಹೊರಟು, ನೂರು ಗಜ ದಾಟುವ ಹೊತ್ತಿಗೆ ಬಲಕ್ಕೆ ವಾಲಿ, ಕೊನೆಗೆ ಪೂರ್ತಿ ಬಾಗಿಕೊಂಡು ಮರಗಳೊಳಗೋ ಬೇಲಿಯಾಚೆಗೋ ಬೀಳುತ್ತದೆ. ಇದೇ ಸ್ಲೈಸ್.

ಈ ಕಾಟ ಆಟದಷ್ಟೇ ಹಳೆಯದು. ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ 1860ರಲ್ಲಿ ಮೊದಲ ಓಪನ್ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿನ ಈಗಿನ ಕೋರ್ಸಿನ ಮೊದಲ ಹೋಲಿನ ಹೆಸರೇ ‘ರೈಲ್ವೆ’. ಬಲಗಡೆ ಉದ್ದಕ್ಕೂ ಕಲ್ಲಿನ ಗೋಡೆ, ಗೋಡೆಯಾಚೆ ರೈಲು ಹಳಿ. ದಿನದ ಮೊದಲ ಹೊಡೆತವೇ ಸ್ಲೈಸ್ ಆಯಿತೆಂದರೆ ಚೆಂಡು ಹಳಿಯ ಮೇಲೆ. ಒಂದು ಹೊಡೆತದ ದಂಡ ತೆತ್ತು, ಮತ್ತೆ ಮೊದಲು ಹೊಡೆದ ಜಾಗದಿಂದಲೇ ಹೊಡೆಯಬೇಕು.

ಸ್ಲೈಸ್ ತಿದ್ದಿಕೊಳ್ಳಲು ಹೊರಟವರಿಗೆ ಸಲಹೆಗಂತೂ ಬರವಿಲ್ಲ. ತಲೆ ಎತ್ತಬೇಡಿ, ನಿಧಾನವಾಗಿ ಹೊಡೆಯಿರಿ, ಮೊಣಕೈ ಒಳಗಿರಲಿ, ಸೊಂಟ ಮೊದಲು ತಿರುಗಲಿ. ಜೊತೆಯಲ್ಲಿ ಆಡುವ ನಾಲ್ವರಲ್ಲಿ ಮೂವರು ಮೂರು ಔಷಧ ಹೇಳುತ್ತಾರೆ. ಒಂದೊಂದರಲ್ಲೂ ಒಂದಿಷ್ಟು ಸತ್ಯ ಇರಬಹುದು. ಆದರೆ ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಯಾರೂ ಹೇಳುವುದಿಲ್ಲ. ವರ್ಷಗಟ್ಟಲೆ ಅಭ್ಯಾಸದ ರೇಂಜಿನಲ್ಲಿ ಬುಟ್ಟಿಗಟ್ಟಲೆ ಚೆಂಡು ಹೊಡೆದರೂ ಸ್ಲೈಸ್ ಬಿಡದ ಎಷ್ಟೋ ಜನರನ್ನು ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಅವರಿಗೆ ಶ್ರದ್ಧೆಯ ಕೊರತೆಯಿಲ್ಲ, ಮೈಕಸುವಿನ ಕೊರತೆಯೂ ಇಲ್ಲ. ಅವರು ತಿದ್ದುವ ಕ್ರಮ ತಿರುವುಮುರುವಾಗಿದೆ. ಮೊದಲು ಸರಿಯಾಗಬೇಕಾದದ್ದು ಕ್ಲಬ್ಬಿನ ಮುಖ. ಕ್ಲಬ್ ಸಾಗುವ ದಾರಿಯನ್ನು ಸರಿಪಡಿಸುವುದು ಅದಾದ ಮೇಲಿನ ಕೆಲಸ.

ಚೆಂಡು ಏಕೆ ಬಾಗುತ್ತದೆ

ಕಾರಣ ಗೊತ್ತಿಲ್ಲದೆ ಈ ಕ್ರಮ ಅರ್ಥವಾಗದು. ತಿರುಗುತ್ತಾ ಹೋಗುವ ಚೆಂಡು ಗಾಳಿಯಲ್ಲಿ ಬಾಗುವುದನ್ನು ನ್ಯೂಟನ್ 1672ರಲ್ಲೇ ಗುರುತಿಸಿದ್ದ. ಅವನು ನೋಡಿದ್ದು ಓರೆಯಾಗಿ ಹೊಡೆದ ಟೆನಿಸ್ ಚೆಂಡನ್ನು. ಜರ್ಮನಿಯ ಮ್ಯಾಗ್ನಸ್ 1850ರ ದಶಕದಲ್ಲಿ ಇದನ್ನು ಪ್ರಯೋಗಕ್ಕೆ ಒಳಪಡಿಸಿದ್ದರಿಂದ ಈ ಬಲಕ್ಕೆ ಅವನ ಹೆಸರೇ ನಿಂತಿತು. ಆದರೆ ಗಾಲ್ಫ್ ಚೆಂಡಿನ ಹಿಂದೆ ಬಿದ್ದವರಲ್ಲಿ ನನಗೆ ಬಹಳ ಇಷ್ಟವಾದವರು ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್. ಸೇಂಟ್ ಆಂಡ್ರೂಸ್‌ನ ಕೋರ್ಸೆಂದರೆ ಅವರಿಗೆ ಪ್ರಾಣ. ಅವರ ಮಗ ಫ್ರೆಡ್ಡಿ 1896ರಲ್ಲಿ ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್ ಆದ ಆಟಗಾರ. ಚೆಂಡು ಎಷ್ಟು ಸುತ್ತು ತಿರುಗುತ್ತದೆ ಎಂದು ತಿಳಿಯಬೇಕಿತ್ತು, ಆದರೆ ಅದನ್ನು ಅಳೆಯುವ ಕ್ಯಾಮೆರಾ ಆಗ ಇರಲಿಲ್ಲ. ಟೇಟ್ ಚೆಂಡಿಗೆ ಒಂದು ಪಟ್ಟಿ ಕಟ್ಟಿ, ಅದನ್ನು ಜೇಡಿಮಣ್ಣಿನೊಳಕ್ಕೆ ಹೊಡೆಸಿದರು. ಆಮೇಲೆ ಪಟ್ಟಿ ಎಷ್ಟು ಸಲ ಹೊಸೆದುಕೊಂಡಿದೆ ಎಂದು ಎಣಿಸಿದರು! ಚೆಂಡು ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುವುದಕ್ಕೆ ಅದರ ಹಿಮ್ಮುಖ ಸುತ್ತೇ ಕಾರಣ ಎಂದು ತೋರಿಸಿಕೊಟ್ಟವರು ಅವರು. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ.ಜೆ. ಥಾಮ್ಸನ್ ಕೂಡ 1910ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಗಾಲ್ಫ್ ಚೆಂಡಿನ ಚಲನೆಯ ಮೇಲೆ ಉಪನ್ಯಾಸ ಕೊಟ್ಟರು.

ನಮ್ಮ ಕ್ರಿಕೆಟ್ ಪ್ರೇಮಿಗಳಿಗೆ ಈ ಬಲ ಅಪರಿಚಿತವಲ್ಲ. ಎರಪಳ್ಳಿ ಪ್ರಸನ್ನ ಮೇಲಕ್ಕೆ ಎಸೆದ ಚೆಂಡು ಬ್ಯಾಟ್ಸ್‌ಮನ್ ಲೆಕ್ಕ ಹಾಕಿದ್ದಕ್ಕಿಂತ ಮೊದಲೇ ಕುಸಿದುಬಿಡುತ್ತಿತ್ತಲ್ಲ, ಆ ಕುಸಿತದಲ್ಲಿ ಮುಮ್ಮುಖ ಸುತ್ತಿನ ಪಾಲಿದೆ. ಗಾಲ್ಫಿನಲ್ಲಿ ಸುತ್ತು ಹಿಮ್ಮುಖವಾಗಿರುವುದರಿಂದ ಅದೇ ಬಲ ಚೆಂಡನ್ನು ಮೇಲಕ್ಕೆತ್ತುತ್ತದೆ. ಈಗ ಆ ಸುತ್ತಿನ ಅಕ್ಷ ಬಲಕ್ಕೆ ವಾಲಿತು ಎನ್ನಿ. ಎತ್ತುವ ಬಲವೂ ಅದರ ಜೊತೆಗೆ ವಾಲುತ್ತದೆ, ಚೆಂಡನ್ನು ಬಲಕ್ಕೆ ಎಳೆಯುತ್ತದೆ. ‘ಪಕ್ಕದ ಸುತ್ತು’ ಎಂದು ಆಟಗಾರರು ಹೇಳುವುದುಂಟು. ಪಕ್ಕದ ಸುತ್ತು ಎಂಬ ಬೇರೆ ಸುತ್ತೇನೂ ಇಲ್ಲ. ಇರುವುದು ಒಂದೇ ಸುತ್ತು, ಓರೆಯಾದ ಸುತ್ತು.

ಅಕ್ಷವನ್ನು ಓರೆ ಮಾಡುವುದು ಯಾವುದು? ಚೆಂಡು ಕ್ಲಬ್ಬಿಗೆ ಅಂಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಆ ಗಳಿಗೆಯಲ್ಲಿ ಎರಡು ಸಂಗತಿಗಳು ಮುಖ್ಯ: ಕ್ಲಬ್ಬಿನ ಮುಖ ಎತ್ತ ನೋಡುತ್ತಿದೆ, ಕ್ಲಬ್ ಎತ್ತ ಸಾಗುತ್ತಿದೆ. ಎರಡೂ ಒಂದೇ ದಿಕ್ಕಿಗಿದ್ದರೆ, ಹೊಡೆತವೂ ನಡುಮುಖಕ್ಕೆ ಬಿದ್ದರೆ, ಚೆಂಡು ಬಾಗುವುದಿಲ್ಲ. ಸಾಗುವ ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಸ್ಲೈಸಿನ ಮೂಲ ಇಲ್ಲಿದೆ.

ಚೆಂಡು ಹೊರಡುವುದು ಕ್ಲಬ್ ಸಾಗಿದ ದಾರಿಯಲ್ಲಿ, ಆಮೇಲೆ ಬಾಗುವುದು ಮುಖ ನೋಡಿದ ಕಡೆಗೆ ಎಂದು ಹಲವು ದಶಕ ಪುಸ್ತಕಗಳೂ ಕೋಚ್‌ಗಳೂ ಕಲಿಸಿಕೊಂಡು ಬಂದಿದ್ದರು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಥಿಯೋಡರ್ ಜಾರ್ಗೆನ್ಸೆನ್ 1990ರ ದಶಕದಲ್ಲಿ ಗಾಲ್ಫಿನ ಭೌತಶಾಸ್ತ್ರದ ಬಗ್ಗೆ ಬರೆದ ಪುಸ್ತಕದಲ್ಲಿ ಬೇರೆ ಚಿತ್ರ ಕೊಟ್ಟರು. 2003ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಟ್ರ್ಯಾಕ್‌ಮ್ಯಾನ್ ಕಂಪನಿಯ ರೇಡಾರ್ ಯಂತ್ರಗಳು ಬಂದ ಮೇಲೆ ಅದು ಎಲ್ಲರ ಕಣ್ಣಿಗೂ ಕಾಣುವಂತಾಯಿತು. ಚೆಂಡು ಹೊರಡುವ ದಿಕ್ಕನ್ನು ಬಹುತೇಕ ನಿರ್ಧರಿಸುವುದು ಮುಖವೇ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರಿನಲ್ಲಂತೂ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಮುಖದ್ದೇ ಮಾತು. ದಾರಿ ಮತ್ತು ಮುಖದ ನಡುವಿನ ಅಂತರ ಬಾಗುವಿಕೆಯನ್ನು ತೀರ್ಮಾನಿಸುತ್ತದೆ.

ಒಂದು ಉದಾಹರಣೆ. ಕ್ಲಬ್ ಗುರಿಯಿಂದ ಎಡಕ್ಕೆ 6 ಡಿಗ್ರಿ ಸಾಗುತ್ತಿದೆ, ಮುಖ ಎಡಕ್ಕೆ 1 ಡಿಗ್ರಿ ಮಾತ್ರ ನೋಡುತ್ತಿದೆ. ಮುಖ ಬಲಕ್ಕೇನೂ ನೋಡುತ್ತಿಲ್ಲ, ಆದರೂ ಸಾಗುವ ದಾರಿಗಿಂತ 5 ಡಿಗ್ರಿ ತೆರೆದಿದೆ. ಚೆಂಡು ತುಸು ಎಡಕ್ಕೆ ಹೊರಟು ಬಲಕ್ಕೆ ಬಾಗಿಯೇ ಬಾಗುತ್ತದೆ. ‘ಶುರುವಿನಲ್ಲಿ ಚೆನ್ನಾಗಿಯೇ ಹೋಯಿತು, ಆಮೇಲೆ ಏನಾಯಿತೋ’ ಎಂದು ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತು ಪೇಚಾಡುವವರ ಕಥೆಯೆಲ್ಲ ಈ 5 ಡಿಗ್ರಿಯೊಳಗಿದೆ.

‘ನನ್ನ ಐರನ್‌ಗಳು ಸರಿ ಇವೆ, ಡ್ರೈವರ್ ಒಂದೇ ತೊಂದರೆ’ ಎನ್ನುವವರಿಗೂ ಇಲ್ಲಿ ಉತ್ತರವಿದೆ. ವೆಜ್‌ನಂಥ ಕ್ಲಬ್ಬಿನ ಮುಖ ಬಹಳ ಮೇಲಕ್ಕೆ ವಾಲಿರುವುದರಿಂದ ಹಿಮ್ಮುಖ ಸುತ್ತು ಜೋರಾಗಿರುತ್ತದೆ. ಅದೇ 5 ಡಿಗ್ರಿ ಅಂತರ ಅಲ್ಲಿ ಅಕ್ಷವನ್ನು 6 ಡಿಗ್ರಿ ಆಸುಪಾಸು ವಾಲಿಸಿದರೆ, ಡ್ರೈವರಿನಲ್ಲಿ 18 ಡಿಗ್ರಿಯ ಹತ್ತಿರ ವಾಲಿಸುತ್ತದೆ. ಸ್ವಿಂಗ್ ಒಂದೇ, ತಪ್ಪೂ ಒಂದೇ. ವೆಜ್ ಮುಚ್ಚಿಟ್ಟದ್ದನ್ನು ಡ್ರೈವರ್ ಬಯಲು ಮಾಡುತ್ತದೆ.

ಎಡಕ್ಕೆ ಗುರಿಯಿಡುವ ಬಲೆ

ಚೆಂಡು ಬಲಕ್ಕೆ ಹೋಗುತ್ತಿದೆ ಎಂದ ಕೂಡಲೇ ಯಾರಾದರೂ ಮಾಡುವುದೇನು? ಎಡಕ್ಕೆ ತಿರುಗಿ ನಿಲ್ಲುತ್ತಾರೆ. ಮುಂದಿನ ಸಲ ಇನ್ನೂ ಸ್ವಲ್ಪ ಎಡಕ್ಕೆ. ಭುಜಗಳು ಎಡಕ್ಕೆ ತೆರೆದುಕೊಂಡಷ್ಟೂ ಕ್ಲಬ್ ಹೊರಗಿನಿಂದ ಒಳಕ್ಕೆ, ಚೆಂಡನ್ನು ಅಡ್ಡಡ್ಡ ಕೊಯ್ಯುತ್ತಾ ಬರುತ್ತದೆ. ದಾರಿ ಇನ್ನಷ್ಟು ಎಡಕ್ಕೆ ಹೋಯಿತು, ಮುಖ ಇದ್ದಲ್ಲೇ ಇದೆ, ಅಂತರ ಹೆಚ್ಚಿತು, ಬಾಗುವಿಕೆಯೂ ಹೆಚ್ಚಿತು. ಅದನ್ನು ನೋಡಿ ಮತ್ತೂ ಎಡಕ್ಕೆ ನಿಲ್ಲುತ್ತಾರೆ. ಸ್ಲೈಸ್ ತನ್ನನ್ನು ತಾನೇ ಸಾಕಿಕೊಳ್ಳುವುದು ಹೀಗೆ. ಆಟಗಾರನ ಮೈ ದಡ್ಡತನ ಮಾಡುತ್ತಿಲ್ಲ ಎಂಬುದನ್ನು ಗಮನಿಸಬೇಕು. ಮುಖ ತೆರೆದಿರುವಾಗ ಚೆಂಡನ್ನು ಫೇರ್‌ವೇ (ಹುಲ್ಲು ಕತ್ತರಿಸಿದ ನಡುದಾರಿ) ಕಡೆಗೆ ತರಬೇಕಾದರೆ ಎಡಕ್ಕೆ ಬೀಸದೆ ಅದಕ್ಕೆ ಬೇರೆ ಉಪಾಯವಿಲ್ಲ. ಅದು ತನಗೆ ತೋಚಿದ ಪರಿಹಾರವನ್ನೇ ಮಾಡುತ್ತಿದೆ.

ಈಗ ಕ್ರಮದ ಮಾತಿಗೆ ಬರೋಣ. ಹೆಚ್ಚಿನವರು ‘ಹೊರಗಿನಿಂದ ಒಳಕ್ಕೆ ಬೀಸುತ್ತಿದ್ದೀರಿ, ಒಳಗಿನಿಂದ ಹೊರಕ್ಕೆ ಬೀಸಿ’ ಎಂದು ದಾರಿ ತಿದ್ದಲು ಹೊರಡುತ್ತಾರೆ. ಶಿಷ್ಯ ಹಾಗೇ ಮಾಡಿದ ಎನ್ನೋಣ. ಮುಖ ಮೊದಲಿನಂತೆಯೇ ತೆರೆದಿದೆ. ಮೊದಲು ಎಡಕ್ಕೆ ಹೊರಟು ಬಲಕ್ಕೆ ಬಂದು ಫೇರ್‌ವೇ ಅಂಚಿನಲ್ಲಾದರೂ ಬೀಳುತ್ತಿದ್ದ ಚೆಂಡು ಈಗ ಹೊರಡುವಾಗಲೇ ಬಲಕ್ಕೆ ಹೊರಟು ಬೇಲಿ ಹಾರುತ್ತದೆ. 5 ಡಿಗ್ರಿ ಬಲಕ್ಕೆ ಹೊರಟ ಚೆಂಡು ಬಾಗದೆ ಹೋದರೂ 200 ಗಜ ದೂರದಲ್ಲಿ 17 ಗಜ ಪಕ್ಕಕ್ಕೆ ಬೀಳುತ್ತದೆ. ಒಳ್ಳೆಯದನ್ನು ಮಾಡಿದ್ದಕ್ಕೆ ಶಿಕ್ಷೆ! ನಾಲ್ಕು ಚೆಂಡು ಹೀಗೆ ಕಳೆದ ಮೇಲೆ ಮೈ ಹಳೆಯ ದಾರಿಗೇ ಮರಳುತ್ತದೆ. ಪಾಠ ಸರಿಯಿದ್ದೂ ಫಲ ಕೊಡಲಿಲ್ಲ ಎಂದರೆ ಹಿಂದುಮುಂದಾಗಿರುವುದು ಹೇಳಿಕೊಟ್ಟ ಕ್ರಮ.

ಮುಖವನ್ನು ಮೊದಲು ಮುಚ್ಚಿದರೆ ಆಗುವುದೇ ಬೇರೆ. ದಾರಿ ಇನ್ನೂ ಎಡಕ್ಕಿದೆ, ಮುಖವೂ ಈಗ ಎಡಕ್ಕಿದೆ. ಚೆಂಡು ನೆಟ್ಟಗೆ ಎಡಕ್ಕೆ ಹಾರಿಹೋಗುತ್ತದೆ. ಅದನ್ನು ನೋಡಿದ ಮೈ, ಯಾರೂ ಹೇಳದೆಯೇ, ದಾರಿಯನ್ನು ಬಲಕ್ಕೆ ತರಲು ಹವಣಿಸುತ್ತದೆ. ಸ್ಲೈಸನ್ನು ಸಾಕಿದ್ದ ಅದೇ ಸಹಜಬುದ್ಧಿ ಈಗ ನಿಮ್ಮ ಕಡೆಗಿದೆ.

ಎರಡೂವರೆ ಗೆಣ್ಣು

ಮುಖವನ್ನು ಆಳುವುದು ಹಿಡಿತ. ಬೆಂಗಳೂರಿನ ಹೊರವಲಯದ ಒಂದು ರೇಂಜಿನಲ್ಲಿ, ಬೆಳಗಿನ ಏಳರ ಎಳೆಬಿಸಿಲಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಕೋಚ್ ಪಾಠ ಹೇಳುತ್ತಿದ್ದುದನ್ನು ಪಕ್ಕದ ಬೇಯಲ್ಲಿ ನಿಂತು ನೋಡಿದ್ದೇನೆ. ಕೋಚ್ ಹುಡುಗನಾಗಿದ್ದಾಗ ಆಟಗಾರರ ಬ್ಯಾಗ್ ಹೊರುವ ಕ್ಯಾಡಿ ಕೆಲಸ ಮಾಡಿದವರು. ಹಿರಿಯರು ಹೊಡೆದ ಮೊದಲ ಕೆಲವು ಚೆಂಡುಗಳಿಗೆ ಅವರು ತುಟಿ ಬಿಚ್ಚಲಿಲ್ಲ. ಚೆಂಡು ಹೋದ ಕಡೆ ನೋಡಲೂ ಇಲ್ಲ. ಜೇಬಿನಿಂದ ಟಾಲ್ಕಮ್ ಪೌಡರ್ ಡಬ್ಬಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿದ ಕ್ಲಬ್ಬಿನ ಮುಖಕ್ಕೆ ತೆಳ್ಳಗೆ ಹಚ್ಚಿ, ‘ಇನ್ನೊಂದು ಹೊಡೀರಿ ಸಾರ್’ ಎಂದರು. ಚೆಂಡಿನ ಗುರುತು ಮುಖದ ನಡುವಿನಿಂದ ಬೆರಳಗಲ ಹಿಮ್ಮಡಿಯ ಕಡೆಗೆ, ಅಂದರೆ ಶಾಫ್ಟ್ ಸೇರುವ ಕಡೆಗೆ, ಮೂಡಿತ್ತು. ಡ್ರೈವರಿನಲ್ಲಿ ಹಿಮ್ಮಡಿಗೆ ಬಿದ್ದ ಚೆಂಡು ಆ ಕಾರಣಕ್ಕೇ ಇನ್ನಷ್ಟು ಬಲಕ್ಕೆ ಬಾಗುತ್ತದೆ. ಅಡ್ಡ ಬೀಸುವವರಿಗೆ ಚೆಂಡು ಬೀಳುವುದು ಸಾಮಾನ್ಯವಾಗಿ ಅಲ್ಲೇ.

‘ಡ್ರೈವರ್ ಒಳಗಿಡಿ ಸಾರ್. ಏಳನೇ ಐರನ್ ತಗೊಳ್ಳಿ. ಹಿಡಿದು ನಿಲ್ಲಿ. ಹಾಗೇ ಕೆಳಗೆ ನೋಡಿ, ಎಡಗೈ ಗೆಣ್ಣು ಎಷ್ಟು ಕಾಣ್ತವೆ?’

‘ಒಂದು. ಒಂದೇ ಕಾಣೋದು.’

‘ಎರಡೂವರೆ ಕಾಣ್ಬೇಕು. ಕ್ಲಬ್ಬು ಅಂಗೈಯಲ್ಲಿ ಕೂತಿದೆ ಸಾರ್, ಬೆರಳಿಗೆ ಇಳಿಸ್ಕೊಳ್ಳಿ. ನೀರು ತುಂಬಿದ ಬಕೆಟ್ ಎತ್ತೋವಾಗ ಹಿಡಿಕೆ ಎಲ್ಲಿ ಕೂರುತ್ತೆ? ಅಲ್ಲಿ.’

ಹಿರಿಯರು ಎಡಗೈಯನ್ನು ಬಲಕ್ಕೆ ಹೊರಳಿಸಿ ಹಿಡಿದರು. ಹೆಬ್ಬೆರಳು ಶಾಫ್ಟಿನ ನೆತ್ತಿಯಿಂದ ತುಸು ಬಲಕ್ಕೆ ಸರಿಯಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದು ಬಲಭುಜದ ಕಡೆ ತಿರುಗಿತು. ಬಲಗೈ ಬಂದು ಎಡ ಹೆಬ್ಬೆರಳನ್ನು ಮುಚ್ಚಿಕೊಂಡಿತು, ಅದರ ಸಂದೂ ಅದೇ ಕಡೆಗೆ. ‘ಇದು ಏನೋ ಸರಿ ಇಲ್ಲ ಅನಿಸ್ತಿದೆಯಪ್ಪಾ’ ಎಂದರು ಅವರು. ‘ಅನಿಸ್ಬೇಕು ಸಾರ್. ಆರಾಮ ಅನಿಸಿದ್ರೆ ಹಳೇ ಗ್ರಿಪ್ಪಿಗೆ ಹೋಗಿದೀರ ಅಂತ.’ ಆಮೇಲೆ ಹೇಳಿದ ಮಾತು ಇನ್ನೂ ಒಳ್ಳೆಯದಿತ್ತು: ‘ಈಗ ಎಡಕ್ಕೇ ಹೊಡೀರಿ. ಎಡಕ್ಕೆ ಎಷ್ಟು ಹೋದ್ರೂ ನಾನು ಏನೂ ಅನ್ನಲ್ಲ.’

ಸೊಂಟದ ಎತ್ತರಕ್ಕೆ ಎತ್ತಿ ಸೊಂಟದ ಎತ್ತರಕ್ಕೇ ಮುಗಿಸುವ ಅರ್ಧ ಸ್ವಿಂಗ್. ಎರಡೂ ಕಡೆ ಕ್ಲಬ್ಬಿನ ತುದಿ ಆಕಾಶ ನೋಡಬೇಕು. ಚೆಂಡು ದಾಟುವಾಗ ಬಲ ಮುಂಗೈ ಎಡದರ ಮೇಲೆ ಹೊರಳಬೇಕು. ಮೊದಲ ಚೆಂಡುಗಳು ಬಲಕ್ಕೇ ಹೋದವು. ಸ್ವಲ್ಪ ಹೊತ್ತಿನ ಮೇಲೆ ಒಂದು ಚೆಂಡು ತಗ್ಗಿನಲ್ಲಿ ಹಾರಿ, ಎಂಬತ್ತು ಗಜದಾಚೆ ಎಡಕ್ಕೆ ಬಾಗಿ ಬಿತ್ತು. ಹಿರಿಯರು ಕ್ಲಬ್ ಹಿಡಿದುಕೊಂಡೇ ತಿರುಗಿ, ‘ಎಡಕ್ಕೆ ಹೋಯ್ತಲ್ಲಯ್ಯಾ!’ ಎಂದರು. ಅಷ್ಟು ಸಂತೋಷಕ್ಕೆ ಕಾರಣ ನನಗೆ ಅರ್ಥವಾಯಿತು. ತನ್ನ ಕೈಯಿಂದ ಎಡಕ್ಕೂ ಚೆಂಡು ಬಾಗುತ್ತದೆ ಎಂದು ಕಂಡವರಿಗೆ ಬಲಕ್ಕೆ ಬಾಗುವುದು ಹಣೆಬರಹವಾಗಿ ಉಳಿಯುವುದಿಲ್ಲ.

ನಮ್ಮಲ್ಲಿ ಈ ಪಾಠ ಯಾಕೆ ಕಷ್ಟ ಎಂಬುದಕ್ಕೆ ನನ್ನದೊಂದು ಅನಿಸಿಕೆ ಇದೆ. ಇಲ್ಲಿ ಗಾಲ್ಫಿಗೆ ಬರುವ ಬಹುಪಾಲು ಗಂಡಸರು ಬೀದಿ ಕ್ರಿಕೆಟ್ ಆಡಿ ಬೆಳೆದವರು. ‘ಬ್ಯಾಟಿನ ಮುಖ ತೋರಿಸು’ ಎಂದು ಕೇಳಿಯೇ ದೊಡ್ಡವರಾದವರು. ಒಳ್ಳೆಯ ಸ್ಟ್ರೇಟ್ ಡ್ರೈವಿನಲ್ಲಿ ಬ್ಯಾಟಿನ ಮುಖ ಆದಷ್ಟು ಹೊತ್ತು ಬೌಲರನ್ನೇ ನೋಡುತ್ತಿರಬೇಕು, ಮುಂಗೈ ಹೊರಳಕೂಡದು. ಗಾಲ್ಫ್ ಕ್ಲಬ್ಬಿನ ತಲೆ ಹಾಗಲ್ಲ. ಶಾಫ್ಟಿನ ಒಂದು ಬದಿಗೆ ಚಾಚಿಕೊಂಡಿರುವ ಅದು ಕೆಳಗಿಳಿಯುವಾಗ ಹಿಂದೆ ಬೀಳುತ್ತಾ ತೆರೆದುಕೊಳ್ಳುತ್ತದೆ. ಅದನ್ನು ತಿರುಗಿಸಿ ಮುಚ್ಚದಿದ್ದರೆ ತೆರೆದೇ ಬರುತ್ತದೆ. ಕ್ರಿಕೆಟ್ಟಿನಲ್ಲಿ ಶಿಸ್ತು ಎನಿಸಿದ್ದು ಇಲ್ಲಿ ಸ್ಲೈಸ್ ಆಗುತ್ತದೆ. ಹಿಡಿತವನ್ನು ಗಟ್ಟಿ ಅದುಮಿದರಂತೂ ಮುಂಗೈ ಹೊರಳುವ ಮಾತೇ ಇಲ್ಲ.

ಕ್ಯಾಡಿಗಳಾಗಿ ಬೆಳೆದ ಹುಡುಗರಲ್ಲಿ ನಾನು ಸ್ಲೈಸ್ ಕಂಡದ್ದು ಕಡಿಮೆ. ಯಾರೋ ಬಿಟ್ಟುಕೊಟ್ಟ ಒಂದೇ ಒಂದು ಕ್ಲಬ್ಬು, ಅದೂ ದೊಡ್ಡವರ ತೂಕದ್ದು. ಹತ್ತು ವರ್ಷದ ಹುಡುಗ ಅದನ್ನು ತೋಳಿನಿಂದ ತಳ್ಳಲಾರ. ಇಡೀ ಮೈ ತಿರುಗಿಸಿ, ಕ್ಲಬ್ಬಿನ ತಲೆ ತಾನಾಗಿ ಹೊರಳಲು ಬಿಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಈಗಲ್ಟನ್ ಕೋರ್ಸಿನಲ್ಲಿ ಚೆಂಡು ಹೆಕ್ಕುತ್ತಿದ್ದ ಎಸ್. ಚಿಕ್ಕರಂಗಪ್ಪ ಅಲ್ಲಿಂದಲೇ ವೃತ್ತಿಪರ ಆಟಗಾರರಾಗಿ ಬೆಳೆದರು. ದುಬಾರಿ ಸಲಕರಣೆಯಿಂದ ಸ್ವಿಂಗ್ ಹುಟ್ಟುವುದಿಲ್ಲ ಎನ್ನಲು ಇವರಿಬ್ಬರ ಹೆಸರು ಸಾಕು.

ಆಮೇಲೆ ದಾರಿ

ಅರ್ಧ ಸ್ವಿಂಗಿನಲ್ಲಿ ಚೆಂಡು ಬೇಕೆಂದಾಗ ಎಡಕ್ಕೆ ಬಾಗತೊಡಗಿದ ಮೇಲೆ ದಾರಿಯ ಕೆಲಸ. ಹೊರಗಿನಿಂದ ಒಳಕ್ಕೆ ಬರುವ ಬೀಸಿಗೆ ಮುಖ್ಯ ಕಾರಣ, ಕೆಳಗಿಳಿಯುವ ಮೊದಲ ಕ್ಷಣದಲ್ಲೇ ಬಲಭುಜ ಚೆಂಡಿನ ಕಡೆಗೆ ನುಗ್ಗುವುದು. ಜೋರಾಗಿ ಹೊಡೆಯಬೇಕು ಎಂಬ ಆಸೆ ಕೈ, ಭುಜಗಳನ್ನು ಮೊದಲು ಎಬ್ಬಿಸುತ್ತದೆ. ಆಗಬೇಕಾದದ್ದು ಬೇರೆ: ಬೆನ್ನು ಇನ್ನೂ ಗುರಿಯ ಕಡೆಗಿರುವಾಗಲೇ ಭಾರ ಎಡಗಾಲಿಗೆ ಸರಿಯಬೇಕು, ಸೊಂಟ ತಿರುಗಲು ಶುರುಮಾಡಬೇಕು, ಕೈಗಳು ಆ ಹೊತ್ತಿಗೆ ಕೆಳಗೆ ಬೀಳಬೇಕು.

ಇದನ್ನು ಮಾತಿನಲ್ಲಿ ಹೇಳಿದರೆ ಮೈಗೆ ತಿಳಿಯದು. ಖಾಲಿ ನೀರಿನ ಬಾಟಲಿಯೊಂದನ್ನು ಚೆಂಡಿನಿಂದ ಒಂದು ಗೇಣು ಹಿಂದೆ, ಅರ್ಧ ಗೇಣು ಆಚೆ ಬದಿಗೆ ಇಡಬೇಕು. ಅಡ್ಡ ಬೀಸಿದರೆ ಕ್ಲಬ್ ಬಾಟಲಿಗೆ ಬಡಿಯುತ್ತದೆ. ಒಳಗಿನಿಂದ ಬಂದರೆ ಬಡಿಯುವುದಿಲ್ಲ. ಯಾರ ವಿವರಣೆಯೂ ಬೇಕಿಲ್ಲ. ಬಲಪಾದವನ್ನು ಒಂದು ಗೇಣು ಹಿಂದಕ್ಕೆಳೆದು ನಿಂತು ಹೊಡೆಯುವುದೂ ಒಳ್ಳೆಯ ಅಭ್ಯಾಸ. ಹಾಗೆ ನಿಂತಾಗ ಭುಜ ನುಗ್ಗಲು ಜಾಗವೇ ಇರುವುದಿಲ್ಲ. ಚೆಂಡಿನ ಜಾಗವನ್ನೂ ನೋಡಿಕೊಳ್ಳಬೇಕು. ಡ್ರೈವರಿಗೆ ಎಡ ಹಿಮ್ಮಡಿಯ ಒಳಬದಿ ಸರಿ. ಅದಕ್ಕಿಂತ ಮುಂದಿಟ್ಟರೆ ಕ್ಲಬ್ ಅಲ್ಲಿಗೆ ತಲುಪುವಷ್ಟರಲ್ಲಿ ಎಡಕ್ಕೆ ತಿರುಗಿಬಿಟ್ಟಿರುತ್ತದೆ, ಭುಜವೂ ತೆರೆದಿರುತ್ತದೆ.

ಮಲೆನಾಡು, ಕೊಡಗಿನ ಏರುತಗ್ಗಿನ ಕೋರ್ಸುಗಳಲ್ಲಿ ಆಡುವವರಿಗೆ ನೆಲವೇ ಈ ಪಾಠ ಹೇಳಿಕೊಡುತ್ತದೆ. ಚೆಂಡು ಪಾದಕ್ಕಿಂತ ಎತ್ತರದಲ್ಲಿರುವ ಇಳಿಜಾರಿನಲ್ಲಿ ನಿಂತರೆ ಸ್ವಿಂಗ್ ತಾನಾಗಿ ಮೈಸುತ್ತ ಚಪ್ಪಟೆಯಾಗುತ್ತದೆ, ಚೆಂಡು ಎಡಕ್ಕೆ ಹೋಗುತ್ತದೆ. ಅಂಥ ಇಳಿಜಾರು ಸಿಕ್ಕಿದರೆ ಸ್ಲೈಸ್ ಇರುವವರು ಒಂದು ಸಂಜೆ ಪೂರ್ತಿ ಅಲ್ಲೇ ಹೊಡೆಯಬೇಕು. ಯಾವ ಉಪಕರಣವೂ ಇದರಷ್ಟು ಚೆನ್ನಾಗಿ ಕಲಿಸುವುದನ್ನು ನಾನು ಕಾಣೆ.

ಇನ್ನು ಪುಸ್ತಕದ ವಿಷಯ. ಬೆನ್ ಹೋಗನ್ 1957ರಲ್ಲಿ ಪ್ರಕಟಿಸಿದ ಐದು ಪಾಠಗಳ ಪುಸ್ತಕ ಗಾಲ್ಫಿನ ಬೈಬಲ್ ಎನಿಸಿಕೊಂಡಿದೆ. ಅದರ ಬಗ್ಗೆ ನನಗೂ ಗೌರವವಿದೆ. ಆದರೆ ನಾಲ್ಕು ಸಲ ಯುಎಸ್ ಓಪನ್ ಗೆದ್ದ ಹೋಗನ್ನರನ್ನು ಕಾಡಿದ್ದು ಸ್ಲೈಸ್ ಅಲ್ಲ, ಹುಕ್. ಚೆಂಡು ಎಡಕ್ಕೆ ಬಾಗುವ ಕಾಟ. ಅದನ್ನು ಕಳೆದುಕೊಳ್ಳಲು ಅವರು ಎಡಗೈಯನ್ನು ಎಡಕ್ಕೆ ಹೊರಳಿಸಿ ಹಿಡಿದರು, ಮುಖ ಬೇಗ ಮುಚ್ಚದಂತೆ ಮಾಡಿಕೊಂಡರು. ಆ ಹಿಡಿತವನ್ನು ಸ್ಲೈಸ್ ಇರುವವರು ನಕಲು ಮಾಡಿದರೆ, ಇರುವ ರೋಗಕ್ಕೆ ಎದುರು ರೋಗದ ಔಷಧ ಕುಡಿದಂತಾಗುತ್ತದೆ. ಅವರ ಕಾಲದ ಡ್ರೈವರಿನ ಮರದ ತಲೆ ಚಿಕ್ಕದು, ಬೇಗ ಹೊರಳುತ್ತಿತ್ತು. ಇಂದಿನ 460 ಸಿಸಿ ಗಾತ್ರದ ತಲೆ ಹೊರಳಲು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಇದೂ ಲೆಕ್ಕಕ್ಕೆ ಬರಬೇಕು.

ಅಂಗಡಿಯಲ್ಲಿ ಸಿಗುವ ಪರಿಹಾರ

ಸ್ಲೈಸ್ ಇರುವವರಿಗೆಂದೇ ಡ್ರೈವರುಗಳು ಬರುತ್ತವೆ. ಹಿಮ್ಮಡಿಯ ಕಡೆಗೆ ತೂಕ ಇಟ್ಟಿರುತ್ತಾರೆ, ಮುಖ ಬೇಗ ಮುಚ್ಚಲಿ ಎಂದು. ಕೆಲವುಗಳಲ್ಲಿ ಕತ್ತಿನ ತಿರುಪು ತಿರುಗಿಸಿ ಲಾಫ್ಟ್ (ಮುಖ ಮೇಲಕ್ಕೆ ವಾಲಿರುವ ಕೋನ) ಹೆಚ್ಚಿಸಿದರೆ ಮುಖ ತುಸು ಎಡಕ್ಕೆ ತಿರುಗುತ್ತದೆ. ಇವು ಕೆಲಸ ಮಾಡುವುದಿಲ್ಲ ಎನ್ನಲಾರೆ. 9 ಡಿಗ್ರಿ ಡ್ರೈವರ್ ಬಿಟ್ಟು 12 ಡಿಗ್ರಿಯದ್ದು ಹಿಡಿಯುವುದಂತೂ ಅಪ್ಪಟ ಬುದ್ಧಿವಂತಿಕೆ, ವೆಜ್ ಬಗ್ಗೆ ಮೇಲೆ ಹೇಳಿದ ಕಾರಣಕ್ಕೇ. ಆದರೆ ಒಂದು ಗೆಣ್ಣು ಕಾಣುವ ಹಿಡಿತವನ್ನು ಹಾಗೇ ಇಟ್ಟುಕೊಂಡು ಐವತ್ತು ಸಾವಿರ ರೂಪಾಯಿ ಸುರಿಯುವುದು ನನಗೆ ಸಂಕಟದ ವಿಷಯ. ಆ ದುಡ್ಡಿನಲ್ಲಿ ಒಳ್ಳೆಯ ಕೋಚ್ ಹತ್ತಿರ ಎಷ್ಟೋ ಪಾಠ ಆಗುತ್ತವೆ.

ಚೆಂಡನ್ನೇ ತಿದ್ದಿದವರೂ ಇದ್ದಾರೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಭೌತವಿಜ್ಞಾನಿಯೂ ಒಬ್ಬ ರಸಾಯನವಿಜ್ಞಾನಿಯೂ ಸೇರಿ ‘ಪೊಲಾರಾ’ ಎಂಬ ಚೆಂಡು ಮಾಡಿದರು. ಮಾಮೂಲಿ ಚೆಂಡಿನ ಕುಳಿಗಳು ಎಲ್ಲ ಕಡೆ ಒಂದೇ ಸಮ. ಇದರಲ್ಲಿ ನಡುಪಟ್ಟಿಯ ಕುಳಿಗಳು ಒಂದು ರೀತಿ, ಎರಡು ಬದಿಯವು ಆಳವಿಲ್ಲದವು. ಚೆಂಡನ್ನು ಸರಿಯಾದ ದಿಕ್ಕಿಗೆ ಕೂರಿಸಿ ಹೊಡೆದರೆ ಓರೆ ಹೊಡೆತವೂ ಬಹುಮಟ್ಟಿಗೆ ನೆಟ್ಟಗೆ ಹೋಗುತ್ತಿತ್ತು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಬೆಚ್ಚಿತು. ಚೆಂಡು ಎಲ್ಲ ದಿಕ್ಕಿನಿಂದಲೂ ಸಮನಾಗಿ ಹಾರಬೇಕೆಂಬ ನಿಯಮವನ್ನೇ ತಂದಿತು. ವ್ಯಾಜ್ಯ ಕೋರ್ಟಿಗೆ ಹೋಗಿ, 1985ರಲ್ಲಿ ಸಂಸ್ಥೆ 13.75 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ನಿಯಮ ಉಳಿಯಿತು, ಇವತ್ತಿಗೂ ಅಂಥ ಚೆಂಡಿನಲ್ಲಿ ಸ್ಪರ್ಧೆ ಆಡುವಂತಿಲ್ಲ. ಆ ನಿಯಮ ಸರಿ ಎಂದೇ ನನ್ನ ಅಭಿಪ್ರಾಯ. ಮುಖ ಮತ್ತು ದಾರಿಯನ್ನು ಒಂದುಗೂಡಿಸುವ ಕಲೆಯೇ ಆಟ. ಅದನ್ನು ಚೆಂಡಿಗೆ ಬಿಟ್ಟುಕೊಟ್ಟರೆ ಆಡುವವರಿಗೆ ಉಳಿಯುವುದು ನಡಿಗೆ ಮಾತ್ರ.

ಹಾಗೆಂದು ಬಲಕ್ಕೆ ಬಾಗುವ ಚೆಂಡೆಲ್ಲ ಕೆಟ್ಟದ್ದಲ್ಲ. ಎಡಕ್ಕೆ ಹೊರಟು ಐದಾರು ಗಜ ಬಲಕ್ಕೆ ಬಂದು ಕೂರುವುದು ಫೇಡ್. ಜ್ಯಾಕ್ ನಿಕ್ಲಾಸ್ ಬಹಳ ಗೆದ್ದದ್ದು ಅದರಿಂದಲೇ. ಅಮೆರಿಕದ ಬ್ರೂಸ್ ಲೀಟ್ಸ್‌ಕಿ ಪಿಜಿಎ ಟೂರ್‌ನಲ್ಲಿ 13 ಸ್ಪರ್ಧೆ ಗೆದ್ದವರು, ಅಭ್ಯಾಸ ಮಾಡದೆ ಇರುವುದಕ್ಕೇ ಹೆಸರಾದವರು. ಒಂದು ಸೀಸನ್ ಮುಗಿದಾಗ, ಇನ್ನು ಕ್ಲಬ್ ಮುಟ್ಟುವುದಿಲ್ಲ ಎಂಬ ಅವರ ಮಾತನ್ನು ನಂಬದ ಕ್ಯಾಡಿ ಡ್ರೈವರಿನ ಮುಸುಕಿನೊಳಗೆ ಬಾಳೆಹಣ್ಣೊಂದನ್ನು ಇಟ್ಟ. ತಿಂಗಳುಗಳ ಮೇಲೆ ಬ್ಯಾಗ್ ಬಿಚ್ಚಿದರೆ ಹಣ್ಣು ಅಲ್ಲೇ ಕೊಳೆತಿತ್ತು. ಎಡದಿಂದ ಬಲಕ್ಕೆ ಬರುವ ತಮ್ಮ ಒಂದೇ ಹೊಡೆತವನ್ನು ಅವರು ಎಂದೂ ಬದಲಿಸಲಿಲ್ಲ. ಫೇಡಿನಲ್ಲಿ ಮುಖ ಮತ್ತು ದಾರಿಯ ಅಂತರ ಒಂದೆರಡು ಡಿಗ್ರಿ, ಹೊಡೆತ ನಡುಮುಖಕ್ಕೆ, ಮತ್ತು ಪ್ರತಿಸಲವೂ ಅಷ್ಟೇ. ಸ್ಲೈಸಿನಲ್ಲಿ ಈ ಮೂರೂ ಇರುವುದಿಲ್ಲ.

ದೂರಕ್ಕಿಂತ ನೇರ ದೊಡ್ಡದು ಎನ್ನಲು ಬೆಂಗಳೂರಿನ ಅದಿತಿ ಅಶೋಕ್ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ಡ್ರೈವ್‌ಗಳು ಕಣದಲ್ಲಿದ್ದವರ ಪೈಕಿ ತೀರ ಚಿಕ್ಕವು. ಅಮ್ಮ ಮಹೇಶ್ವರಿ ಬ್ಯಾಗ್ ಹೊತ್ತಿದ್ದರು. ಅದಿತಿ ನಾಲ್ಕನೆಯವರಾದರು, ಕಂಚು ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ. ತಮಗಿಂತ ಬಹಳ ದೂರ ಹೊಡೆಯುವವರನ್ನು ಅವರು ಫೇರ್‌ವೇ ಬಿಡದೆ, ಪಟರ್ ಕೈಬಿಡದೆ ಹಿಂದಿಕ್ಕಿದ್ದರು. ಟೀ ಮೇಲೆ ನಿಂತ ಕೂಡಲೇ ಹಲ್ಲು ಕಚ್ಚಿ ಬೀಸುವ ನಮ್ಮ ವಾರಾಂತ್ಯದ ಆಟಗಾರರು ಆ ನಾಲ್ಕು ದಿನಗಳ ವಿಡಿಯೊವನ್ನು ಒಮ್ಮೆ ಕೂತು ನೋಡಬೇಕು.

ರೇಂಜಿನಿಂದ ಕೋರ್ಸಿಗೆ ಬಂದಾಗ ಸ್ಲೈಸ್ ಮತ್ತೆ ತಲೆ ಎತ್ತುವುದು ಸಹಜ. ಹೊಸ ಹಿಡಿತ ಮೈಗೂಡಲು ವಾರಗಳು ಬೇಕು. ಮನೆಯಲ್ಲಿ ಟಿವಿ ನೋಡುತ್ತಾ ಕ್ಲಬ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೂ ಅದು ಅಭ್ಯಾಸವೇ. ಊರು ಬದಲಾದರೆ ಬಾಗುವಿಕೆಯೂ ತುಸು ಬದಲಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕಿದ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು, ಚೆಂಡು ಕಡಿಮೆ ಬಾಗುತ್ತದೆ. ಅದೇ ಆಟಗಾರ ಮಂಗಳೂರಿನ ಪಿಲಿಕುಳದಲ್ಲಿ ಆಡಿದರೆ ಅದೇ ಸ್ವಿಂಗಿಗೆ ಸ್ವಲ್ಪ ಹೆಚ್ಚು ಬಾಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಹೊಸದೇನನ್ನೂ ಶುರುಮಾಡಬೇಕಿಲ್ಲ.

ಆಟದ ನಡುವೆ ಸ್ಲೈಸ್ ಬಂದರೆ ಸ್ವಿಂಗ್ ತಿದ್ದಲು ಹೋಗಬಾರದು. ಗೆಣ್ಣು ಎಷ್ಟು ಕಾಣುತ್ತಿವೆ ನೋಡಿಕೊಳ್ಳಿ. ಭುಜ ಎಡಕ್ಕೆ ತೆರೆದಿಲ್ಲ ಎಂದು ಜೊತೆಯವರಿಂದಲೋ ಕ್ಯಾಡಿಯಿಂದಲೋ ಕೇಳಿ ತಿಳಿಯಿರಿ. ಟೀಯನ್ನು ಟೀಯಿಂಗ್ ಜಾಗದ ಬಲ ಅಂಚಿನಲ್ಲಿ ಚುಚ್ಚಿ, ಬಲಗಡೆಯ ಅಪಾಯಕ್ಕೆ ಬೆನ್ನು ಕೊಟ್ಟಂತೆ ಫೇರ್‌ವೇಯ ಎಡ ಅರ್ಧಕ್ಕೆ ಆಡಿ. ಡ್ರೈವರ್ ಬ್ಯಾಗಿನಲ್ಲೇ ಇರಲಿ, ಐದನೇ ವುಡ್ ತೆಗೆಯಿರಿ. ಇಪ್ಪತ್ತು ಮೂವತ್ತು ಗಜ ಕಡಿಮೆ ಹೋಗುತ್ತದೆ, ಆದರೆ ಎರಡನೇ ಹೊಡೆತ ಹುಲ್ಲಿನ ಮೇಲಿಂದಲೇ ಸಿಗುತ್ತದೆ. ಬೇಲಿ ದಾಟಿದ ಒಂದು ಡ್ರೈವಿಗೆ ತೆರುವುದು ಒಂದು ದಂಡದ ಹೊಡೆತ ಮತ್ತು ಹೋದ ದೂರವಷ್ಟೂ. ಹದಿನೆಂಟು ಹೋಲುಗಳಲ್ಲಿ ಅಂಥ ನಾಲ್ಕು ಉಳಿಸಿಕೊಂಡರೆ ಸ್ಕೋರ್ ಕಾರ್ಡಿನಲ್ಲಿ ಎಂಟು ಹೊಡೆತ ಕಡಿಮೆಯಾಗುತ್ತವೆ.